ಮಗಳ ಮನೆಗೆ ರಸ್ತೆಯ ಬಿಲ್ ಬಂದಿದೆ, ಕಟ್ಟಬೇಕಾ?

ಊರಿನ ಲೆಕ್ಕ: ಓದುಗರ ಪ್ರಶ್ನೆ, ಉತ್ತರ
(ಈ ಅಂಕಣ ಬರೆಯುವವರು ನಗರಸಭೆಗಳ ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದಾವಣಗೆರೆಯಲ್ಲಿ ನೆಲೆಸಿದ್ದಾರೆ.)

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಾವಣಗೆರೆ ವಿದ್ಯಾನಗರದಲ್ಲಿರುವ ನಿವೃತ್ತ ಶಿಕ್ಷಕಿ. ಮಗಳು, ಅಳಿಯ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಹೋದ ವರ್ಷ ಮನೆ ತಗೊಂಡರು. ಈಗ ಅಲ್ಲಿನ ನಗರಸಭೆಯಿಂದ ಪತ್ರ ಬಂದಿದೆ. ಮನೆ ಮುಂದಿನ ರಸ್ತೆ ಹೊಸದಾಗಿ ಮಾಡುತ್ತಾರಂತೆ. ಅದರಲ್ಲಿ ಇವರ ಪಾಲು 7 ಸಾವಿರ ಡಾಲರ್ ಅಂತ ಬರೆದಿದ್ದಾರೆ. 'ಸ್ಪೆಷಲ್ ಅಸೆಸ್‌ಮೆಂಟ್' ಅಂತ ಅದರ ಹೆಸರು. ಮನೆ ಕಂದಾಯ ಬೇರೆ ಕಟ್ಟುತ್ತಿದ್ದಾರೆ. ಇದು ಮೋಸದ ಕಾಗದ ಇರಬಹುದಾ? ಕಟ್ಟದಿದ್ದರೆ ಏನಾಗುತ್ತೆ? ನಮ್ಮ ಊರಲ್ಲಿ ರಸ್ತೆ ಮಾಡಿದ್ದಕ್ಕೆ ಯಾರೂ ಹೀಗೆ ಮನೆಗೆ ಬಿಲ್ ಕಳಿಸಿದ್ದು ನಾನು ನೋಡಿಲ್ಲ.

ಉತ್ತರ: ಟೀಚರ್, ಗಾಬರಿ ಬೇಡ. ಇದು ಅಲ್ಲಿ ಬಹಳ ಹಳೆಯ ಪದ್ಧತಿ. ಆದರೂ ಈ ಕಾಲದಲ್ಲಿ ಯಾವ ಕಾಗದವನ್ನೂ ಸುಮ್ನೆ ನಂಬಬಾರದು. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡುವ ಬದಲು ಮಗಳು ನೇರವಾಗಿ ನಗರಸಭೆ ಕಚೇರಿಗೆ ಹೋಗಿ, ಸಿಟಿ ಕ್ಲರ್ಕ್ ಹತ್ತಿರ ಕೇಳಿಕೊಳ್ಳಲಿ. ಅಲ್ಲಿ ಈ ಕಾಗದಗಳೆಲ್ಲ ಅವರ ಕೈಲೇ ಇರುತ್ತವೆ.

ವಿಷಯ ಇಷ್ಟು. ಮನೆ ಕಂದಾಯ ಇಡೀ ಊರಿನ ಖರ್ಚಿಗೆ ಹೋಗುತ್ತದೆ. ಸ್ಪೆಷಲ್ ಅಸೆಸ್‌ಮೆಂಟ್ ಹಾಗಲ್ಲ. ಒಂದು ಬೀದಿಯಲ್ಲಿ ಒಂದು ಕೆಲಸ ಆಗುತ್ತದೆ. ಆ ಕೆಲಸದಿಂದ ಯಾರ ಆಸ್ತಿಗೆ ಬೆಲೆ ಏರುತ್ತದೋ ಅವರಿಂದ ಮಾತ್ರ, ಆ ಕೆಲಸಕ್ಕೆ ಮಾತ್ರ, ಒಂದು ಪಾಲು ವಸೂಲಿ ಮಾಡುತ್ತಾರೆ. ಹೀಗೆ ಬಂದ ದುಡ್ಡನ್ನು ಬೇರೆ ಬೀದಿಗೋ ಸಿಬ್ಬಂದಿ ಸಂಬಳಕ್ಕೋ ತಿರುಗಿಸುವಂತಿಲ್ಲ. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಊರು ಮತ್ತೆ ಕಟ್ಟಲು 1667ರಲ್ಲಿ ಕಾನೂನು ಮಾಡಿದರು. ಅದರಲ್ಲೇ ಇದರ ಬೇರು ಇದೆ. 1691ರಲ್ಲಿ ನ್ಯೂಯಾರ್ಕ್ ಅದನ್ನು ಬೀದಿ, ಚರಂಡಿಗಳಿಗೆ ತಂದುಕೊಂಡಿತು.

ಪಾಲು ಹಾಕುವುದು ಹೇಗೆ? ನಿಮ್ಮ ವಿದ್ಯಾನಗರದ ಬೀದಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು. ರಸ್ತೆಯ ಎರಡೂ ಕಡೆ ಸೇರಿ ಮನೆಗಳ ಮುಂಭಾಗದ ಅಳತೆ ಒಟ್ಟು 600 ಅಡಿ. ರಸ್ತೆ ಖರ್ಚು 12 ಲಕ್ಷ. ಅದರಲ್ಲಿ ನಗರಸಭೆ 7 ಲಕ್ಷ 20 ಸಾವಿರ ಹಾಕಿತು. ಉಳಿದ 4 ಲಕ್ಷ 80 ಸಾವಿರವನ್ನು 600 ಅಡಿಗೆ ಹಂಚಿದರೆ ಅಡಿಗೆ 800 ರೂಪಾಯಿ ಬರುತ್ತದೆ. 30–40 ಸೈಟಿನ ಮನೆ, ಮುಂದೆ 30 ಅಡಿ ಇದ್ದರೆ 24 ಸಾವಿರ. ಮುಂದೆ 60 ಅಡಿ ಇರುವವರಿಗೆ 48 ಸಾವಿರ. ಇದು ಅಡಿ ಲೆಕ್ಕ.

ಅಡಿ ಲೆಕ್ಕದಲ್ಲಿ ಒಂದು ತೊಡಕಿದೆ. ಮೂಲೆ ಸೈಟಿನವರಿಗೆ ಎರಡು ಕಡೆ ರಸ್ತೆ. 30–40 ಸೈಟಿಗೆ 70 ಅಡಿ ಆಗಿಬಿಡುತ್ತದೆ. ಅದಕ್ಕೇ ಅಲ್ಲಿನ ಎಷ್ಟೋ ನಗರಗಳು ಮೂಲೆ ಮನೆಯ ಉದ್ದದ ಬದಿಯಲ್ಲಿ ಒಂದಷ್ಟು ಅಡಿ ಬಿಟ್ಟು ಲೆಕ್ಕ ಹಾಕುತ್ತವೆ. ರಸ್ತೆ ಕೊನೆಯಲ್ಲಿ ಬೀಸಣಿಗೆ ಥರ ಹರಡಿದ ಸೈಟುಗಳಿಗೆ ಮುಂದೆ ಕಡಿಮೆ ಅಡಿ, ಹಿಂದೆ ಜಾಸ್ತಿ ಜಾಗ. ಅವರು ತೀರ ಕಡಿಮೆ ಕೊಟ್ಟು ಪಾರಾಗುತ್ತಾರೆ. ಹೀಗಾಗಿ ಕೆಲವು ಊರುಗಳಲ್ಲಿ ಅಡಿ ಬಿಟ್ಟು ಮನೆಗೆ ಇಷ್ಟು ಅಂತ ಸಮ ಪಾಲು ಹಾಕುತ್ತಾರೆ. ಇನ್ನು ಕೆಲವು ಕಡೆ ಸೈಟಿನ ವಿಸ್ತೀರ್ಣ ನೋಡುತ್ತಾರೆ. ನಿಮ್ಮ ಮಗಳು ಮೊದಲು ಕೇಳಬೇಕಾದ್ದು ಇದನ್ನೇ: ನಮ್ಮ ಬೀದಿಗೆ ಯಾವ ಲೆಕ್ಕ ಹಿಡಿದಿದ್ದೀರಿ? ನಮ್ಮ ಸೈಟಿನ ಅಳತೆ ಎಷ್ಟು ಅಂತ ಬರೆದುಕೊಂಡಿದ್ದೀರಿ? ಅಳತೆ ತಪ್ಪಿದ್ದರೆ ಬಿಲ್ಲೂ ತಪ್ಪೇ.

ಈಗ ಅವರಿಗಿರುವ ಹಕ್ಕುಗಳು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ದಿನಾಂಕ ತಪ್ಪಿದರೆ ಕೈ ತಪ್ಪಿದ ಹಾಗೆ. ಮಿನೆಸೋಟಾದಲ್ಲಿ ಇದಕ್ಕೆಂದೇ ರಾಜ್ಯದ ಕಾನೂನು ಇದೆ, 429ನೇ ಅಧ್ಯಾಯ. ಅದರ ಪ್ರಕಾರ ಸಾಮಾನ್ಯವಾಗಿ ಎರಡು ಸಲ ಸಭೆ ಕರೆಯಬೇಕು. ಮೊದಲನೆಯದು, ಕೆಲಸ ಮಾಡಬೇಕೋ ಬೇಡವೋ ಎಂಬ ಸಭೆ. ಅದಕ್ಕೆ ಕನಿಷ್ಠ 10 ದಿನ ಮೊದಲು ಪ್ರತಿ ಮಾಲೀಕರಿಗೂ ಅಂಚೆಯಲ್ಲಿ ನೋಟಿಸ್ ಹೋಗಬೇಕು, ಪತ್ರಿಕೆಯಲ್ಲೂ ಎರಡು ಸಲ ಹಾಕಬೇಕು. ಖರ್ಚು ಎಷ್ಟಾಗಬಹುದು ಎಂಬ ಅಂದಾಜು ನೋಟಿಸಿನಲ್ಲೇ ಇರಬೇಕು. ರಸ್ತೆ ಬದಿಯ ಆಸ್ತಿಯಲ್ಲಿ ಅಡಿ ಲೆಕ್ಕದಲ್ಲಿ ಶೇ 35ರಷ್ಟು ಮಾಲೀಕರು ತಾವೇ ಅರ್ಜಿ ಹಾಕಿ 'ನಮಗೆ ರಸ್ತೆ ಮಾಡಿಕೊಡಿ' ಅಂತ ಕೇಳಿದ್ದರೆ ಕೌನ್ಸಿಲ್ ಬಹುಮತದಿಂದ ಒಪ್ಪಬಹುದು. ಯಾರೂ ಕೇಳದೆ ನಗರಸಭೆಯೇ ಕೈಗೆತ್ತಿಕೊಂಡ ಕೆಲಸಕ್ಕೆ ಐದರಲ್ಲಿ ನಾಲ್ಕು ಭಾಗ ಸದಸ್ಯರ ಒಪ್ಪಿಗೆ ಬೇಕು. ಐದು ಜನರ ಕೌನ್ಸಿಲ್ ಆದರೆ ನಾಲ್ವರು ಕೈ ಎತ್ತಬೇಕು.

ಎರಡನೆಯದು, ಯಾರ ಪಾಲು ಎಷ್ಟು ಎಂದು ಗೊತ್ತು ಮಾಡುವ ಸಭೆ. ಅದಕ್ಕೆ ಕನಿಷ್ಠ ಎರಡು ವಾರ ಮೊದಲು ನೋಟಿಸ್ ಬರುತ್ತದೆ. ಪಾಲು ಜಾಸ್ತಿಯಾಯಿತು ಅನ್ನಿಸಿದರೆ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ, ಸಹಿ ಹಾಕಿ, ಸಭೆಗೆ ಮೊದಲು ಕ್ಲರ್ಕಿಗೆ ಕೊಡಬೇಕು. ಇಲ್ಲವೇ ಸಭೆಯಲ್ಲೇ ಅಧ್ಯಕ್ಷರ ಕೈಗೆ ಕೊಡಬೇಕು. ಬರೀ ಎದ್ದು ನಿಂತು ಮಾತಾಡಿದರೆ ಸಾಲದು. ಬರೆದು ಕೊಟ್ಟವರು ಮಾತ್ರ ಆಮೇಲೆ ಕೋರ್ಟಿಗೆ ಹೋಗಬಹುದು. ಕೋರ್ಟಿಗೆ ಹೋಗಲು ಪಾಲು ಗೊತ್ತು ಮಾಡಿದ ದಿನದಿಂದ 30 ದಿನ ಮಾತ್ರ. ಈಗ ಬಂದಿರುವ ಪತ್ರ ಮೊದಲನೇ ಸಭೆಯದೋ ಎರಡನೆಯದೋ ಅಂತ ಇವತ್ತೇ ಫೋನ್ ಮಾಡಿ ಮಗಳನ್ನು ಕೇಳಿ.

ಆಕ್ಷೇಪಣೆಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಇದು. ರಸ್ತೆ ಕೆಲಸದಿಂದ ಮನೆಯ ಮಾರುಕಟ್ಟೆ ಬೆಲೆ ಎಷ್ಟು ಏರುತ್ತದೋ ಅದಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. 7 ಸಾವಿರ ಡಾಲರ್ ಕೇಳಿದರೆ ಮನೆಯ ಬೆಲೆಯೂ ಕನಿಷ್ಠ ಅಷ್ಟು ಏರಬೇಕು. 'ನನಗೆ ಕಷ್ಟ ಇದೆ', 'ಹಳೇ ರಸ್ತೆಯೇ ಚೆನ್ನಾಗಿತ್ತು' ಎಂಬ ಮಾತು ಕೋರ್ಟಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಆಸ್ತಿ ಮೌಲ್ಯ ಮಾಡುವವರಿಂದ ರಸ್ತೆಗೆ ಮೊದಲಿನ ಬೆಲೆ, ಆಮೇಲಿನ ಬೆಲೆ ಬರೆಸಿ ತಂದರೆ ನಡೆಯುತ್ತದೆ.

ಈ ನಿಯಮದ ಹಿಂದೆ ಒಬ್ಬ ಹೆಣ್ಣುಮಗಳ ಜಗಳ ಇದೆ. ಓಹಾಯೋ ರಾಜ್ಯದಲ್ಲಿ, ಸಿನ್ಸಿನಾಟಿ ಪಕ್ಕ, ನಾರ್ವುಡ್ ಅಂತ ಒಂದು ಊರು. ಅಲ್ಲಿ ಬೇಕರ್ ಎಂಬಾಕೆಯ ಜಮೀನಿನ ನಡುವೆ ರಸ್ತೆ ತೆಗೆದರು. ಜಾಗಕ್ಕೆ 2 ಸಾವಿರ ಡಾಲರ್ ಪರಿಹಾರ ಅಂತ ನಿಗದಿಯಾಯಿತು. ಆಮೇಲೆ ಊರಿನ ಆಡಳಿತ ಏನು ಮಾಡಿತು ಗೊತ್ತಾ? ಆ ಪರಿಹಾರದ ದುಡ್ಡು, ಕೋರ್ಟು ಕಚೇರಿ ಖರ್ಚು ಎಲ್ಲಾ ಸೇರಿಸಿ, ರಸ್ತೆಯ ಎರಡೂ ಕಡೆ ಉಳಿದಿದ್ದ ಆಕೆಯ ಜಮೀನಿನ ಮೇಲೇ ಅಡಿ ಲೆಕ್ಕದಲ್ಲಿ ಹಾಕಿತು. ಅಂದರೆ ಆಕೆಯ ಜಾಗವನ್ನು ಆಕೆಯ ದುಡ್ಡಿನಲ್ಲೇ ಕೊಂಡ ಹಾಗಾಯಿತು. ಆಕೆ ಬಿಡಲಿಲ್ಲ. 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಆಸ್ತಿಗೆ ಆದ ಲಾಭಕ್ಕಿಂತ ಬಹಳ ಹೆಚ್ಚು ವಸೂಲಿ ಮಾಡಿದರೆ ಅದು ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡ ಹಾಗೆ ಅಂತ ಹೇಳಿತು. ಮೂರು ವರ್ಷ ಕಳೆದು, 1901ರಲ್ಲಿ, ಅದೇ ಕೋರ್ಟ್ ಅಡಿ ಲೆಕ್ಕದಲ್ಲಿ ಹಂಚುವುದು ಅದರಷ್ಟಕ್ಕೆ ತಪ್ಪಲ್ಲ ಅಂತಲೂ ಹೇಳಿತು. ಇವತ್ತಿಗೂ ಅಲ್ಲಿನ ನಗರಗಳು ಈ ಎರಡು ಮಾತುಗಳ ನಡುವೆಯೇ ಲೆಕ್ಕ ಹಾಕುತ್ತವೆ.

ಹತ್ತಿರದ ಒಂದು ಪ್ರಸಂಗ. ಅದೇ ಮಿನೆಸೋಟಾದ ರಾಜಧಾನಿ ಸೇಂಟ್ ಪಾಲ್‌ನಲ್ಲಿ ರಸ್ತೆ ನೋಡಿಕೊಳ್ಳುವ ಖರ್ಚನ್ನು ಪ್ರತಿ ವರ್ಷ ಅಡಿ ಲೆಕ್ಕದಲ್ಲಿ ಎಲ್ಲರ ಮೇಲೂ ಹಾಕುತ್ತಿದ್ದರು. ಚರ್ಚುಗಳಿಗೆ ಕಂದಾಯ ಇಲ್ಲ, ಆದರೆ ಈ ವಸೂಲಿ ಇತ್ತು. ಚರ್ಚಿನವರು ಕೋರ್ಟಿಗೆ ಹೋದರು. ಇದು ಬರೀ ಶುಲ್ಕ ಅಂತ ನಗರಸಭೆ ವಾದಿಸಿತು. 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಇದೂ ತೆರಿಗೆಯೇ, ಆದ್ದರಿಂದ ಲಾಭದ ಮಿತಿ ಇದಕ್ಕೂ ಉಂಟು ಅಂತ ತೀರ್ಪು ಬಂತು. ಕ್ಯಾಲಿಫೋರ್ನಿಯಾದವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿ 1996ರ 218ನೇ ಪ್ರಸ್ತಾವಕ್ಕೆ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟರು. ಅದರಂತೆ ಪ್ರತಿ ಮಾಲೀಕರಿಗೂ ಅಂಚೆಯಲ್ಲಿ ಮತಪತ್ರ ಬರುತ್ತದೆ. ಯಾರ ಪಾಲು ಜಾಸ್ತಿಯೋ ಅವರ ಮತಕ್ಕೆ ಅಷ್ಟು ತೂಕ. ವಾಪಸ್ ಬಂದ ಮತಗಳಲ್ಲಿ ಬೇಡ ಎಂಬುದೇ ಜಾಸ್ತಿಯಾದರೆ ವಸೂಲಿ ನಿಂತುಹೋಗುತ್ತದೆ.

ದುಡ್ಡು ಕಟ್ಟುವ ವಿಷಯ. ಒಂದೇ ಸಲ ಕಟ್ಟಬೇಕಿಲ್ಲ. ಸಭೆಯಲ್ಲಿ ಪಾಲು ಗೊತ್ತು ಮಾಡಿದ 30 ದಿನದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಇಲ್ಲದಿದ್ದರೆ ಕಂತು. ಕಂದಾಯದ ಜೊತೆಯಲ್ಲೇ ಸೇರಿಸಿ ವರ್ಷ ವರ್ಷ ಕಟ್ಟುತ್ತಾ ಹೋಗಬಹುದು. ನಾನು ಮೇಲೆ ಹೇಳಿದ 24 ಸಾವಿರವನ್ನು 10 ವರ್ಷಕ್ಕೆ, ಶೇ 5 ಬಡ್ಡಿಗೆ ಹಾಕಿ ನೋಡಿ. ವರ್ಷಕ್ಕೆ ಅಸಲು 2,400. ಮೊದಲ ವರ್ಷದ ಬಡ್ಡಿ 1,200 ಸೇರಿ 3,600 ಆಗುತ್ತದೆ. ಅಸಲು ಇಳಿದಂತೆ ಬಡ್ಡಿಯೂ ಇಳಿದು ಕೊನೆಯ ವರ್ಷ 2,520ಕ್ಕೆ ಬರುತ್ತದೆ. ಮಗಳ ಪತ್ರದಲ್ಲಿ ಬಡ್ಡಿ ಎಷ್ಟು, ಎಷ್ಟು ವರ್ಷ ಅಂತ ನೋಡಿ, ಬ್ಯಾಂಕ್ ಬಡ್ಡಿಗೆ ಹೋಲಿಸಿ ತೀರ್ಮಾನ ಮಾಡಲಿ. ಕಟ್ಟದೇ ಬಿಟ್ಟರೆ? ಅದು ಮನೆಯ ಮೇಲಿನ ಋಣವಾಗಿ ಕೂರುತ್ತದೆ, ಕಂದಾಯದ ಬಾಕಿ ಥರವೇ ವಸೂಲಿ ಆಗುತ್ತದೆ. ಕಟ್ಟದೆ ಕೂರುವ ಯೋಚನೆ ಮಾಡುವುದು ಬೇಡ. 65 ವರ್ಷ ದಾಟಿ ಕಷ್ಟದಲ್ಲಿರುವವರಿಗೆ ಮುಂದೂಡುವ ಅವಕಾಶವನ್ನು ನಗರಸಭೆ ಕೊಡಬಹುದು. ಮನೆ ಮಾರಿದಾಗ ಅದು ಬಡ್ಡಿ ಸಮೇತ ತೀರಬೇಕು.

ಹೋದ ವರ್ಷ ತಾನೇ ಮನೆ ತಗೊಂಡದ್ದು ಅಂದಿರಿ. ಹಾಗಾದರೆ ಖರೀದಿ ಕರಾರು ಪತ್ರ ಹೊರಗೆ ತೆಗೆಯಲಿ. ಬಾಕಿ ಇರುವ, ಬರಲಿರುವ ಅಸೆಸ್‌ಮೆಂಟ್ ಮಾರಿದವರು ಕಟ್ಟಬೇಕೋ ಕೊಂಡವರು ಕಟ್ಟಬೇಕೋ ಅಂತ ಅದರಲ್ಲಿ ಬರೆದಿರುತ್ತದೆ. ರಸ್ತೆ ಕೆಲಸದ ತೀರ್ಮಾನ ಇವರು ಮನೆ ಕೊಳ್ಳುವ ಮೊದಲೇ ಆಗಿದ್ದರೆ ಮಾತಾಡಲು ಜಾಗ ಇದೆ.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ರಸ್ತೆ ಮಾಡಿದ್ದಕ್ಕೆ ಮನೆಗೆ ಬಿಲ್ ಬರಲ್ಲ ನಿಜ. ದುಡ್ಡು ಎಲ್ಲಿಂದ ಬರುತ್ತದೆ? ನಿಮ್ಮ ಕಂದಾಯದ ಚಲನ್ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಅಂತ ಬೇರೆ ಬೇರೆ ಸಾಲು ಇರುತ್ತದೆ. ಅದು ಪಾಲಿಕೆಯ ದುಡ್ಡಲ್ಲ, ವಸೂಲಿ ಮಾಡಿ ಆಯಾ ಕಡೆಗೆ ದಾಟಿಸಬೇಕಾದ್ದು. ರಸ್ತೆಗೆ ಅಂತ ಪ್ರತ್ಯೇಕ ಸಾಲು ಇಲ್ಲ. ಉಳಿದ ಕಂದಾಯದಲ್ಲಿ ಬೀದಿ ದೀಪ, ಕಸ, ಸಂಬಳ ಎಲ್ಲಾ ಆಗಬೇಕು. ಆದ್ದರಿಂದ ದೊಡ್ಡ ರಸ್ತೆ ಕೆಲಸ ಹೆಚ್ಚಾಗಿ ಮೇಲಿನಿಂದ ಬರುವ ಅನುದಾನದಲ್ಲೇ ಆಗುವುದು. ರಾಜ್ಯ ಹಣಕಾಸು ಆಯೋಗದ ಹಣ ಇದೆ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ರಸ್ತೆಗೆ ಬಳಸಬಹುದಾದ್ದು ಉಳಿದ ಶೇ 40ರಲ್ಲಿ. 2016ರ ಜನವರಿಯಲ್ಲಿ ದಾವಣಗೆರೆ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಒಂದಾಯಿತು. ಕೇಂದ್ರದಿಂದ 500 ಕೋಟಿ, ರಾಜ್ಯದಿಂದ ಅಷ್ಟೇ ಎಂಬುದು ಆ ಯೋಜನೆಯ ಲೆಕ್ಕ. 2025ರ ಮಾರ್ಚ್‌ಗೆ ಆ ಯೋಜನೆಯೂ ಮುಗಿಯಿತು.

ಲಾಭ ಪಡೆದವರಿಂದ ಪಾಲು ತೆಗೆದುಕೊಳ್ಳುವ ಯೋಚನೆ ನಮ್ಮ ಕಾನೂನಿಗೆ ಹೊಸದೇನಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾನೂನಿನಲ್ಲಿ ಬೆಟರ್‌ಮೆಂಟ್ ಟ್ಯಾಕ್ಸ್ ಇದೆ. ಯೋಜನೆಯಿಂದ ಜಮೀನಿನ ಬೆಲೆ ಎಷ್ಟು ಏರಿತೋ ಅದರ ಮೂರನೇ ಒಂದು ಭಾಗ. ಅದೇ ವರ್ಷದ ಪೌರನಿಗಮಗಳ ಕಾನೂನಿನಲ್ಲಿ ಖಾಸಗಿ ಬೀದಿಯ ಬಗ್ಗೆಯೂ ಇದೆ. ಬೀದಿ ಸಮ ಮಾಡಿಸಿ, ಚರಂಡಿ ತೆಗೆಸಿ ಅಂತ ಮಾಲೀಕರಿಗೆ ನೋಟಿಸ್ ಕೊಡಬಹುದು. ಅವರು ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಆದರೆ ಸಾಮಾನ್ಯ ಬೀದಿಗೆ ಅಡಿ ಲೆಕ್ಕದ ಬಿಲ್ ಕಳಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ.

ಬೆಳೆಯಬೇಕಾ? ಇದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅಮೆರಿಕದವರ ಪದ್ಧತಿಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ವಸೂಲಿ ಅಲ್ಲ, ನೋಟಿಸ್. ನಾನು ಲೆಕ್ಕಪತ್ರ ಶಾಖೆಯಲ್ಲಿ ಕೂತು ರಸ್ತೆ ಬಿಲ್ಲುಗಳನ್ನು ಪಾಸ್ ಮಾಡಿದವಳು. ಆದ ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಅಂತ ಇರುತ್ತದೆ. ಎಷ್ಟು ದುಡ್ಡಾಯಿತು ಅಂತ ಪೈಸೆ ಸಮೇತ ಇರುತ್ತದೆ. ಆ ಬೀದಿಯಲ್ಲಿ ವಾಸ ಮಾಡುವವರಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಜೆಸಿಬಿ ಬಂದ ದಿನವೇ ರಸ್ತೆ ಮಾಡುತ್ತಾರೆ ಅಂತ ಗೊತ್ತಾಗುವುದು. ಆರು ಇಂಚು ಕಾಂಕ್ರೀಟ್ ಅಂತ ಎಸ್ಟಿಮೇಟಿನಲ್ಲಿದ್ದು ನಾಲ್ಕು ಇಂಚು ಬಿದ್ದರೆ ಕೇಳುವವರು ಯಾರು? ತನ್ನ ಪಾಲು 24 ಸಾವಿರ ಕೊಟ್ಟವರು ಸ್ಕೇಲ್ ಹಿಡಿದು ನಿಲ್ಲುತ್ತಾರೆ. ನಮ್ಮ ಕಂದಾಯದ ದುಡ್ಡೂ ನಮ್ಮದೇ ಅಲ್ವಾ? ಹಾಗಿದ್ದಮೇಲೆ ಕೆಲಸಕ್ಕೆ ಮೊದಲು ನಮಗೂ ಒಂದು ಕಾಗದ ಬರಬೇಕು.

ವಸೂಲಿಯ ಬಗ್ಗೆ ನನಗೆ ಅಂಜಿಕೆ ಇದೆ. ದುಡ್ಡು ಕೊಡಲಾಗುವ ಬೀದಿಗೆ ಮೊದಲು ರಸ್ತೆ ಅಂತ ಆಗಿಬಿಟ್ಟರೆ ಮಂಡಕ್ಕಿ ಭಟ್ಟಿಗಳ ಕಡೆಯ ಗಲ್ಲಿಗಳಿಗೆ ಯಾವಾಗ ಬರುತ್ತದೆ? ಅಲ್ಲಿ ಬೆಳಗಿನಿಂದ ಹೊಗೆಯಲ್ಲಿ ನಿಂತು ದುಡಿಯುವವರ ಮನೆ ಮುಂದೆ ಕೆಸರು ಹಾಗೇ ಇರಬೇಕಾ? ಹಳೇ ಪಿ.ಬಿ. ರಸ್ತೆ, ಅಶೋಕ ರಸ್ತೆಯಂಥವು ಇಡೀ ಜಿಲ್ಲೆ ಓಡಾಡುವ ರಸ್ತೆಗಳು, ಅವುಗಳ ಖರ್ಚನ್ನು ಪಕ್ಕದ ಮನೆಯವರ ಮೇಲೆ ಹಾಕುವುದು ನ್ಯಾಯ ಅಲ್ಲ. ಅಮೆರಿಕದಲ್ಲೂ ಎಷ್ಟೋ ನಗರಗಳು ಮನೆ ಬೀದಿಗೆ ಬೇಕಾದಷ್ಟು ಅಗಲ, ದಪ್ಪದ ಖರ್ಚನ್ನು ಮಾತ್ರ ಹಂಚಿ, ಲಾರಿ ಬಸ್ಸಿಗಾಗಿ ಮಾಡಿದ ಹೆಚ್ಚಿನ ಖರ್ಚನ್ನು ತಾವೇ ಹೊರುತ್ತವೆ. ಉಳ್ಳವರ ಹೊಸ ಬಡಾವಣೆಗಳಲ್ಲಿ, ಮೊದಲ ಸಲ ಫುಟ್‌ಪಾತು, ಚರಂಡಿ ಎಲ್ಲಾ ಸೇರಿಸಿ ಒಳ್ಳೆಯ ರಸ್ತೆ ಮಾಡುವಾಗ ಪಾಲು ಕೇಳಲಿ. ಹಾಗೆ ಉಳಿದ ದುಡ್ಡು ಗಲ್ಲಿಗಳಿಗೆ ಹೋಗಲಿ. ಅದಕ್ಕೆ ನನ್ನ ಒಪ್ಪಿಗೆ ಇದೆ.

ಪ್ರಶ್ನೆ: ಅಕ್ಕಾ, ನಾವು ನಿಟ್ಟುವಳ್ಳಿ ಕಡೆ ಒಂದು ಕ್ರಾಸ್‌ನಲ್ಲಿ ಇದ್ದೀವಿ. ನೀರಿನ ಪೈಪಿಗೆ ಅಂತ ರಸ್ತೆ ಅಗೆದು, ಮುಚ್ಚಿದ್ದು ಕುಸಿದಿದೆ. ಕಾದು ಕಾದು ಸಾಕಾಯಿತು. ಎಲ್ಲಾ ಮನೆಯವರೂ ದುಡ್ಡು ಹಾಕಿ ನಾವೇ ಸಿಸಿ ರಸ್ತೆ ಮಾಡಿಸಿಕೊಳ್ಳಬಹುದಾ?

ಉತ್ತರ: ತಮ್ಮಾ, ನಿಮ್ಮ ಒಗ್ಗಟ್ಟು ಕೇಳಿ ಸಂತೋಷ ಆಯಿತು. ಆದರೆ ರಸ್ತೆ ಪಾಲಿಕೆಯ ಆಸ್ತಿ. ಲಿಖಿತ ಅನುಮತಿ ಇಲ್ಲದೆ ಒಂದು ಬಾಂಡ್ಲಿ ಕಾಂಕ್ರೀಟನ್ನೂ ಹಾಕಬೇಡಿ.

ಅನುಮತಿಗಿಂತ ದೊಡ್ಡ ವಿಷಯ ಲೆವೆಲ್. ಹಳೇ ರಸ್ತೆಯ ಮೇಲೇ ಆರು ಇಂಚು ಏರಿಸಿದರೆ ಮಳೆಗಾಲದಲ್ಲಿ ನೀರು ಎಲ್ಲಿಗೆ ಹೋಗುತ್ತೆ? ತಗ್ಗಿನಲ್ಲಿರುವ ಹಳೇ ಮನೆಗಳ ಹೊಸ್ತಿಲು ದಾಟುತ್ತೆ. ನಮ್ಮ ಊರಲ್ಲಿ ಮನೆ ರಸ್ತೆಗಿಂತ ಕೆಳಗೆ ಹೋಗಿ, ಬಾಗಿಲಲ್ಲಿ ಇಟ್ಟಿಗೆ ಕಟ್ಟೆ ಕಟ್ಟಿಕೊಂಡವರು ಎಷ್ಟು ಜನ ಇದ್ದಾರೆ ನೋಡಿ. ಹಳೆಯದನ್ನು ಕೆರೆದು ತೆಗೆದು, ಅದೇ ಮಟ್ಟಕ್ಕೆ ಹೊಸದು ಹಾಕಬೇಕು. ಕಪ್ಪು ಮಣ್ಣು ಇದ್ದರೆ ಇನ್ನೂ ಕಷ್ಟ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ತಳಕ್ಕೆ ಗ್ರಾವೆಲ್ ಹಾಕಿ ರೋಲರ್ ಹೊಡೆಸದೆ ಬರೀ ಮೇಲೆ ಕಾಂಕ್ರೀಟ್ ಸುರಿದರೆ ನಿಲ್ಲುವುದಿಲ್ಲ. ಇದನ್ನು ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ, ಎಂಜಿನಿಯರ್ ಲೆವೆಲ್ ಹಿಡಿಯಬೇಕು.

ಮೊದಲು ಬೇರೆ ದಾರಿ ನೋಡಿ. ಪೈಪ್ ಹಾಕಿದ ಕರಾರಿನಲ್ಲೇ ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಕೆಲಸ ಸೇರಿದೆಯೋ ಅಂತ ತಿಳಿದುಕೊಳ್ಳಿ. ಸೇರಿದ್ದರೆ ಅದಕ್ಕೆ ದುಡ್ಡು ಆಗಲೇ ಇಟ್ಟಿರುತ್ತಾರೆ, ನೀವು ಇನ್ನೊಮ್ಮೆ ಕೊಡುವುದು ಯಾಕೆ? ಗುತ್ತಿಗೆದಾರರ ಠೇವಣಿ ವಾಪಸ್ ಹೋಗುವ ಮೊದಲೇ ಕೇಳಿ. ಎಲ್ಲಾ ಮನೆಯವರೂ ಸಹಿ ಹಾಕಿದ ಅರ್ಜಿ ಇರಲಿ, ಜೊತೆಗೆ ದಿನಾಂಕ ಕಾಣುವ ಫೋಟೋ ಇರಲಿ, ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಪ್ರಶ್ನೆ: ಮಂಡಿಪೇಟೆಯಲ್ಲಿ ಬಾಡಿಗೆ ಅಂಗಡಿ ಇಟ್ಟಿದ್ದೇನೆ. ರಸ್ತೆ ಮಾಡಿದ್ದಕ್ಕೆ ಮಾಲೀಕರಿಂದ ದುಡ್ಡು ವಸೂಲಿ ಮಾಡುವ ಪದ್ಧತಿ ಬಂದರೆ ಅದು ಕೊನೆಗೆ ನನ್ನಂಥ ಬಾಡಿಗೆದಾರನ ಮೇಲೇ ಬೀಳಲ್ವಾ?

ಉತ್ತರ: ಅಣ್ಣಾ, ನಿಮ್ಮ ಭಯ ಸರಿಯಾಗಿಯೇ ಇದೆ. ಕಾನೂನಿನ ಪ್ರಕಾರ ಇಂಥ ವಸೂಲಿ ಆಸ್ತಿಯ ಮೇಲೆ, ಅಂದರೆ ಮಾಲೀಕರ ಮೇಲೆ. ಬೆಲೆ ಏರುವುದು ಅವರ ಆಸ್ತಿಗೆ. ಆದರೆ ಅಮೆರಿಕದಲ್ಲೂ ವ್ಯಾಪಾರದ ಮಳಿಗೆಗಳ ಬಾಡಿಗೆ ಕರಾರಿನಲ್ಲಿ ತೆರಿಗೆ, ಅಸೆಸ್‌ಮೆಂಟ್ ಎಲ್ಲಾ ಬಾಡಿಗೆದಾರರೇ ಕೊಡಬೇಕು ಅಂತ ಬರೆಸಿಕೊಳ್ಳುವುದು ಬಹಳ. ನೋಟಿಸ್ ಬರುವುದು ಮಾಲೀಕರಿಗೆ, ಸಭೆಯಲ್ಲಿ ಆಕ್ಷೇಪಣೆ ಕೊಡುವುದೂ ಅವರೇ, ದುಡ್ಡು ಮಾತ್ರ ಅಂಗಡಿಯವರದ್ದು ಅಂತಾಗುತ್ತದೆ. ಮೇಲೆ ಹೇಳಿದ ಪದ್ಧತಿಯಲ್ಲಿ ನನಗೆ ಹಿಡಿಸದ ಭಾಗ ಇದು.

ಇನ್ನೊಂದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲಸ ನಡೆಯುವಾಗ ಅಂಗಡಿ ಮುಂದೆ ಗುಂಡಿ, ಗಿರಾಕಿ ಬರಲಿಕ್ಕಾಗಲ್ಲ, ಚೀಲ ಇಳಿಸುವ ಗಾಡಿ ನಿಲ್ಲಲ್ಲ. ಆ ತಿಂಗಳುಗಳ ನಷ್ಟ ಪೂರ್ತಿ ನಿಮ್ಮದೇ. ಈಗ ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಬಾಡಿಗೆ ಕರಾರು ಬರೆಸುವಾಗ ಕಂದಾಯ ಮತ್ತು ಪಾಲಿಕೆಯ ಇತರ ವಸೂಲಿ ಮಾಲೀಕರದ್ದು ಅಂತ ಸ್ಪಷ್ಟವಾಗಿ ಒಂದು ಸಾಲು ಸೇರಿಸಿ.

ಪ್ರಶ್ನೆ: ನಾವು ಗಾಡಿ ಕೊಳ್ಳುವಾಗಲೇ ರೋಡ್ ಟ್ಯಾಕ್ಸ್ ಕಟ್ಟಿರುತ್ತೇವೆ. ಅದರಲ್ಲಿ ನಮ್ಮ ಬೀದಿ ರಸ್ತೆ ಮಾಡಲು ಆಗಲ್ವಾ? (ಹರಿಹರದ ಓದುಗರು)

ಉತ್ತರ: ಗಾಡಿ ತೆರಿಗೆ ರಾಜ್ಯ ಸರ್ಕಾರದ ಖಜಾನೆಗೆ ಹೋಗುತ್ತದೆ. ಪೆಟ್ರೋಲ್, ಡೀಸೆಲ್ ಮೇಲಿನ ರಸ್ತೆ ಸೆಸ್ ಕೇಂದ್ರಕ್ಕೆ ಹೋಗುತ್ತದೆ. ನಿಮ್ಮ ನಗರಸಭೆಯ ಖಾತೆಗೆ ಅದು ನೇರವಾಗಿ ಬರುವುದಿಲ್ಲ, ಅನುದಾನದ ರೂಪದಲ್ಲಿ ಸುತ್ತಿ ಬಳಸಿ ಬರಬೇಕು. ರಸ್ತೆ ಹಾಳು ಮಾಡುವುದು ಗಾಡಿ, ರಿಪೇರಿ ಮಾಡಬೇಕಾದ್ದು ನಗರಸಭೆ, ತೆರಿಗೆ ಹೋಗುವುದು ಬೇರೆಯವರಿಗೆ. ಇದು ಬದಲಾಗಬೇಕು ಅಂತಲೇ ನನ್ನ ಮಾತು.

ಪ್ರಶ್ನೆ: ಚಿತ್ರದುರ್ಗದ ಹೊಸ ಬಡಾವಣೆಯಲ್ಲಿ ಸೈಟ್ ತಗೊಂಡಿದ್ದೇನೆ. ರಸ್ತೆ, ಚರಂಡಿ ಖರ್ಚು ಸೈಟಿನ ಬೆಲೆಯಲ್ಲೇ ಸೇರಿದೆ ಅಂದಿದ್ದರು. ಈಗ ರಸ್ತೆ ಕಿತ್ತುಹೋಗಿದೆ. ನಗರಸಭೆಗೆ ಕೇಳಿದರೆ ಬಡಾವಣೆ ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂತಾರೆ. ನಮ್ಮ ಕೈಯಿಂದಲೇ ಮತ್ತೆ ಹಾಕಬೇಕಾ?

ಉತ್ತರ: ಬೇಡ, ನೀವು ಒಂದು ಸಲ ಕೊಟ್ಟಾಗಿದೆ. ಅಮೆರಿಕದಲ್ಲೂ ಹೊಸ ಬಡಾವಣೆಯ ಮೊದಲ ರಸ್ತೆಯನ್ನು ಸಾಮಾನ್ಯವಾಗಿ ಬಡಾವಣೆ ಮಾಡಿದವರೇ ಹಾಕಿಸಬೇಕು. ಸ್ಪೆಷಲ್ ಅಸೆಸ್‌ಮೆಂಟ್ ಹೆಚ್ಚಾಗಿ ಬರುವುದು ಆ ರಸ್ತೆ ಹಳೆಯದಾಗಿ ಮತ್ತೆ ಕಟ್ಟುವಾಗ.

ನಮ್ಮಲ್ಲಿ ಬಡಾವಣೆಗೆ ಮಂಜೂರಾತಿ ಕೊಡುವಾಗಲೇ ರಸ್ತೆ, ಚರಂಡಿ, ನೀರು, ವಿದ್ಯುತ್ ಮಾಡಿಕೊಡಬೇಕು ಅಂತ ಷರತ್ತು ಹಾಕುತ್ತಾರೆ. ರಸ್ತೆ, ಪಾರ್ಕಿನ ಜಾಗ ಬಿಟ್ಟುಕೊಡುವ ನೋಂದಣಿ ಪತ್ರವೂ ಇರಬೇಕು. ನೀವು ಮೂರು ಕಾಗದದ ನಕಲು ತೆಗೆಸಿ: ಮಂಜೂರಾದ ನಕ್ಷೆ, ಮಂಜೂರಾತಿ ಆದೇಶ, ಕೆಲಸ ಮುಗಿದಿದೆ ಅಂತ ಕೊಟ್ಟ ಪ್ರಮಾಣಪತ್ರ ಇದ್ದರೆ ಅದು. ಮುಗಿದಿದೆ ಅಂತ ಪ್ರಮಾಣಪತ್ರ ಕೊಟ್ಟಿದ್ದರೆ ಹಸ್ತಾಂತರ ಯಾಕೆ ಆಗಿಲ್ಲ ಅಂತ ಕೇಳಿ. ಕೊಟ್ಟೇ ಇಲ್ಲದಿದ್ದರೆ ಸೈಟುಗಳನ್ನು ಮಾರಲು ಬಿಡುಗಡೆ ಮಾಡಿದ್ದು ಹೇಗೆ ಅಂತ ಕೇಳಿ.

ನಕಲು ಕೊಡಲು ಅಲೆದಾಡಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅಂತ ಇದೆ. ದೂರು, ಸಿಟ್ಟು ಅದರಲ್ಲಿ ಬೇಡ. ರಸ್ತೆಯ ಹೆಸರು, ಬಡಾವಣೆಯ ಸರ್ವೆ ನಂಬರ್, ಬೇಕಾದ ಕಾಗದಗಳ ಹೆಸರು ಇಷ್ಟೇ ಬರೆಯಿರಿ. ದಾವಣಗೆರೆಯವರು ತಮ್ಮ ಬೀದಿ ಲೆಕ್ಕ ಕೇಳುವುದಾದರೂ ಕ್ರಮ ಇದೇ. ಕೊನೆಯ ಸಲ ಆದ ಕೆಲಸದ ಎಸ್ಟಿಮೇಟ್, ಕಾರ್ಯಾದೇಶ, ಎಂ.ಬಿ. ಪುಸ್ತಕದ ಆ ಪುಟಗಳು, ಗುತ್ತಿಗೆದಾರರು ಉಚಿತವಾಗಿ ರಿಪೇರಿ ಮಾಡಿಕೊಡಬೇಕಾದ ಅವಧಿ ಮುಗಿಯುವ ದಿನಾಂಕ, ಇವನ್ನು ಕೇಳಿ. ಆ ಅವಧಿ ಇನ್ನೂ ಮುಗಿದಿಲ್ಲದಿದ್ದರೆ ಅವತ್ತೇ ಆಯುಕ್ತರಿಗೆ ಬರೆದು ಕೊಡಿ.